ತವುಡಿಗೆ ಕೊಂಡ ಕೂಸು

ಮಧ್ಯಾಹ್ನವಾಯಿತೆಂದರೆ ಮೊಂಬಾಸಾ ಊರಿಗೆ ಊರೇ ಮಲಗಿಬಿಡುತ್ತಿತ್ತು. ಅಂಗಡಿಗಳ ಬಾಗಿಲು ಅರ್ಧಕ್ಕೆ ಬೀಳುತ್ತಿದ್ದವು, ತಳ್ಳುಗಾಡಿಯವರು ತಮ್ಮ ಗಾಡಿಯ ಕೆಳಗೇ ಕಾಲು ಚಾಚುತ್ತಿದ್ದರು, ಕಾಗೆಗಳು ಕೂಡ ಮಾವಿನ ಮರದಲ್ಲಿ ಕೊಕ್ಕು ತೆರೆದುಕೊಂಡು ಸುಮ್ಮನೆ ಕೂತಿರುತ್ತಿದ್ದವು. ಆ ಹೊತ್ತಿನಲ್ಲಿ ಗೊಲ್ಲಾಳಮ್ಮ ಹಿಂದಿನ ಪಡಸಾಲೆಯ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿ, ಮಗ್ಗುಲಿಗೆ ಪುಟ್ಟ ಹುಡುಗಿ ಮರಿಯನ್ನು ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದ್ದೇ ತಡ, ಹರಿಗೋಲು ಬಂದು ನಿಲ್ಲುತ್ತಿತ್ತು.

ಅದು ಅವಳ ಗಂಡ ಅಮರಪ್ಪನ ಹರಿಗೋಲು. ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ಆ ದುಂಡನೆಯ ದೋಣಿಯಲ್ಲಿ ಅವನು ಸುರಪುರದ ಸೀಮೆಯಲ್ಲಿ ಕೃಷ್ಣೆಯನ್ನು ದಾಟಿಸುತ್ತಿದ್ದ. ಜನರನ್ನು, ಜೋಳದ ಚೀಲಗಳನ್ನು, ಒಮ್ಮೊಮ್ಮೆ ಮದುವೆಯ ದಿಬ್ಬಣವನ್ನು. ಕನಸಿನಲ್ಲಿ ಮಾತ್ರ ಅಮರಪ್ಪ ಇರುತ್ತಿರಲಿಲ್ಲ. ಹುಟ್ಟು ಹಾಕುವವರಿಲ್ಲದೆ ಹರಿಗೋಲು ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ತಿರುಗಿದಂತೆಲ್ಲ ದಂಡೆ ಬದಲಾಗುತ್ತಿತ್ತು. ಒಮ್ಮೆ ಮಲಗಿದ ಮನುಷ್ಯನ ಹಾಗೆ ಕಾಣುವ ಶಹಾಪುರದ ಗುಡ್ಡ, ಒಮ್ಮೆ ಯಾದಗಿರಿಯ ಕೋಟೆ, ಮತ್ತೊಮ್ಮೆ ಹಡಗು ನಿಂತ ಈ ಊರಿನ ಬಂದರು. ನೀರಿಗೆ ಸದ್ದಿಲ್ಲ. ಮಡಿಲಲ್ಲಿ ಮರಿಯ ಬಿಸಿ ಉಸಿರು. ಯಾವ ದಂಡೆಯನ್ನೂ ಮುಟ್ಟದೆ ಹೀಗೇ ತಿರುಗುತ್ತಿದ್ದರೂ ಆದೀತು ಅನ್ನಿಸುತ್ತಿತ್ತು ಅವಳಿಗೆ. ಅಷ್ಟರಲ್ಲಿ ಒಳಗೆ ಚಹಾದ ಕಪ್ಪಿನ ಸದ್ದಾಗಿ ಎಚ್ಚರವಾಗುತ್ತಿತ್ತು.

ಮರಿಯನ್ನು ಅವಳು ಹಡೆದದ್ದಲ್ಲ. ತವುಡು ಕೊಟ್ಟು ಕೊಂಡದ್ದು.

ಅದು ಹೈದರಾಬಾದ ಸಂಸ್ಥಾನ ಹಿಂದುಸ್ತಾನಕ್ಕೆ ಸೇರಿದ ಮೇಲಿನ ಎರಡನೆಯ ವರ್ಷ. ಅದಕ್ಕೂ ಮೊದಲು, ಆ ಸೇರ್ಪಡೆಯ ಗದ್ದಲದ ವರ್ಷದ ಮಳೆಗಾಲದಲ್ಲಿ, ಹೊಳೆ ಅಮರಪ್ಪನನ್ನು ಒಯ್ದಿತ್ತು. ಅವರ ಆರು ತಿಂಗಳ ಕೂಸು ಚಳಿಗಾಲದ ಜ್ವರಕ್ಕೆ ಹೋಗಿತ್ತು. ಗೊಲ್ಲಾಳಮ್ಮ ಅಣ್ಣ ವೆಂಕಪ್ಪನ ಮನೆಯಲ್ಲಿ ಉಳಿಯಲಾರದೆ ಯಾದಗಿರಿಗೆ ಬಂದು, ಸ್ಟೇಶನ್ನಿನ ಹತ್ತಿರ ದವಾಖಾನೆ ಇಟ್ಟಿದ್ದ ಡಾಕ್ಟರ್ ಭಗವಂತರಾಯರ ಮನೆಯಲ್ಲಿ ಕೆಲಸಕ್ಕೆ ನಿಂತಳು. ಡಾಕ್ಟರ ಹೆಂಡತಿ ರೇಣಮ್ಮನದು ಆಗ ಇಪ್ಪತ್ನಾಲ್ಕರ ವಯಸ್ಸು. ಎರಡು ಕೂಸು ಹಡೆದಿದ್ದಳು. ಒಂದು ಹನ್ನೆರಡನೆಯ ದಿನ ನೋಡಲಿಲ್ಲ, ಇನ್ನೊಂದು ಮೂರನೆಯ ತಿಂಗಳು ದಾಟಲಿಲ್ಲ.

ಮೂರನೆಯದು ಹೆಣ್ಣು ಹುಟ್ಟಿತು. ಹೆರಿಗೆ ಮಾಡಿಸಲು ಕೆಂಭಾವಿಯಿಂದ ಬಂದಿದ್ದ ಸೂಲಗಿತ್ತಿ ಮಲ್ಲಿಕಮ್ಮ ಕೂಸನ್ನು ತಾಯಿಯ ಕೈಗೆ ಕೊಡಲೇ ಇಲ್ಲ.

"ಇದನ್ನ ನಿಮ್ಮದಂತ ಇಟಗೋಬ್ಯಾಡ್ರಿ ತಂಗೆಮ್ಮ" ಅಂದಳು. "ಸಾವು ಈ ಮನಿ ಹಾದಿ ಕಲ್ತು ಬಿಟ್ಟದ. ಮಾರಿಬಿಡ್ರಿ."

"ಯಾರಿಗೆ ಮಾರ್ಲಿ?"

ಮಲ್ಲಿಕಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಗೊಲ್ಲಾಳಮ್ಮನ ಕಡೆ ಗದ್ದ ಎತ್ತಿದಳು. "ಅಕೀಗಿ. ಅಕೀ ಕಡಿಂದ ಎಲ್ಲಾ ಒಯ್ದಾದ. ಇನ್ನೇನದ ಅಂತ ಹೊಳ್ಳಿ ಬರ್ತದ?"

ಗೊಲ್ಲಾಳಮ್ಮನ ಕಿವಿಗೆ ಅದು ಬಿತ್ತು. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಪೂರಾ ಹಿಂಡಿ ಹಗ್ಗಕ್ಕೆ ಹಾಕಿದಳು. ಆಮೇಲೆ ಕೈ ಒರೆಸಿಕೊಂಡು ಬಂದಳು.

ಹೊಸ್ತಿಲ ಒಳಗೆ ರೇಣಮ್ಮ, ಹೊರಗೆ ಗೊಲ್ಲಾಳಮ್ಮ. ಒಂದು ಮೊರ ಜೋಳದ ತವುಡು ಒಳಗೆ ಹೋಯಿತು, ಹಳೆಯ ಧೋತರದಲ್ಲಿ ಸುತ್ತಿದ ಕೂಸು ಹೊರಗೆ ಬಂತು. ಓಣಿಯ ಹೆಂಗಸರೆಲ್ಲ ಕೇಳುವ ಹಾಗೆ ರೇಣಮ್ಮ ಮೂರು ಸಲ "ಈ ಕೂಸು ನಂದಲ್ಲ" ಅಂದಳು. ಮೂರನೆಯ ಸಲ ದನಿ ಒಡೆಯಿತು. ಡಾಕ್ಟರು ಬಾಗಿಲ ಮರೆಯಲ್ಲಿ ನಿಂತು, "ಇಷ್ಟು ಓದಿ ಕಡೀಗಿ ನನ್ನ ಮನ್ಯಾಗ ತೌಡಿನ ವ್ಯಾಪಾರ ಬಂತು" ಎಂದು ನಕ್ಕರು. ಬೇಡ ಅನ್ನಲಿಲ್ಲ. ಎರಡು ಕೂಸಿಗೆ ಅವರ ದವಾ ನಾಟಿರಲಿಲ್ಲ.

ಮಲ್ಲಿಕಮ್ಮ ಹೊರಡುವಾಗ ಇಬ್ಬರನ್ನೂ ಕೂರಿಸಿ ಹೇಳಿದಳು. "ಮೊದಲನೇ ಹಾಲಹಲ್ಲು ಬೀಳೂತನಕ ಕೂಸು ಇಕೀದು. ಹಲ್ಲು ಬಿದ್ದ ಮ್ಯಾಲ ನೀವು ಮೂರು ಸರ್ತಿ ಕೇಳಬೇಕು. ಎರಡು ಸರ್ತಿ ಇಕಿ ಒಲ್ಲೆ ಅನಬೇಕು. ಮೂರನೇ ಸರ್ತಿಗಿ ತೌಡು ಉಡ್ಯಾಗ ಹಾಕಿಸ್ಕೊಂಡು, ಹೊಳ್ಳಿ ನೋಡದಂಗ ನೀರು ದಾಟಿ ಹೋಗಬೇಕು. ಹೊತ್ತು ಮುಣುಗೂತನಕ ಬರಬಾರದು. ಹಾದ್ಯಾಗ ಯಾರರ ಮಕ್ಕಳೆಷ್ಟು ಅಂತ ಕೇಳಿದ್ರ, ಇಲ್ಲ ಅನಬೇಕು. ಸಾವೇ ವೇಷ ಹಾಕ್ಕೊಂಡು ಕೇಳಾಕತ್ತಿರ್ತದ."

"ಮೂರನೇ ಸರ್ತಿಗೂ ಇಕಿ ಒಲ್ಲೆ ಅಂದ್ರ?" ರೇಣಮ್ಮ ನಗುತ್ತಲೇ ಕೇಳಿದಳು.

ಮಲ್ಲಿಕಮ್ಮ ನಗಲಿಲ್ಲ. "ಅಂದ್ರ ಕೂಸು ಅಕೀದೇ."

ಕೂಸಿಗೆ ಅಜ್ಜಿಯ ಹೆಸರು ಮರಿಲಿಂಗಮ್ಮ ಎಂದು ಇಟ್ಟರು. ಬಾಯಲ್ಲಿ ಉಳಿದದ್ದು ಮರಿ. ಯಾದಗಿರಿಯಲ್ಲಿ ಇದ್ದ ಒಂದು ವರ್ಷ ಈ ಮಾರಾಟ ಇಡೀ ಓಣಿ ಸೇರಿ ಆಡುವ ಆಟದಂತಿತ್ತು. ರೇಣಮ್ಮ ಮೊಲೆ ಕೊಡುತ್ತಿದ್ದರೆ, ಎದುರು ಮನೆಯ ದಾವಲಬೀ ಹಣಿಕಿ ಹಾಕಿ "ಯಾರ ಕೂಸವ್ವ ಅದು?" ಅನ್ನುವಳು. "ಯಾರದೋ ಏನೋ, ತೌಡಿಗಿ ಹೋದದ್ದು. ಪಾಪ ಅಂತ ಹಾಲು ಹಾಕಾಕತ್ತೀನಿ" ಎಂದು ರೇಣಮ್ಮ ಅನ್ನುವಳು. ಬಾಯಿಗೆ ಸೆರಗು ಒತ್ತಿಕೊಂಡು ಎಲ್ಲರೂ ನಗುವರು. ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಸುಳ್ಳು ಭಾರವಿರಲಿಲ್ಲ.

ಮರಿಗೆ ವರ್ಷ ತುಂಬುವ ಹೊತ್ತಿಗೆ ಡಾಕ್ಟರಿಗೆ ಸಮುದ್ರದಾಚೆ ಮೊಂಬಾಸಾದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕೂಸಿನ ಒಡತಿಯನ್ನು ಬಿಟ್ಟು ಕೂಸನ್ನು ಒಯ್ಯುವುದು ಹೇಗೆ? ಗೊಲ್ಲಾಳಮ್ಮನೂ ಹೊರಟಳು. ಮುಂಬಯಿಯಲ್ಲಿ ಕಾಗದಪತ್ರ ನೋಡುವ ಸಾಹೇಬ ಯಾವ ದೇಶದವಳು ಎಂದು ಕೇಳಿದಾಗ "ಸುರಪುರ್ದಾಕಿ" ಅಂದಳು. ಅವನು ಏನು ಬರೆದುಕೊಂಡನೋ. ಆಮೇಲೆ ಒಂಬತ್ತು ದಿನ ನೀರು. ಹೊಳೆಯ ಮಗಳಾದ ಅವಳಿಗೆ ಎರಡು ದಂಡೆ ಇಲ್ಲದ ನೀರನ್ನು ನೋಡಿ ಗಾಬರಿಯಾಯಿತು. ಇದನ್ನು ಯಾರು, ಯಾರನ್ನು, ಎಲ್ಲಿಗೆ ದಾಟಿಸುತ್ತಾರೆ?

ಹೊಸ ಊರಿನಲ್ಲಿ ಮೊದಮೊದಲು ಎಲ್ಲವೂ ಉಪ್ಪುಪ್ಪು. ಗಾಳಿ, ಗೋಡೆ, ಒಣಗಿದ ಬಟ್ಟೆ. ಜೋಳದ ಹಿಟ್ಟಿಗೆ ಬದಲು ಸಿಕ್ಕ ಮೆಕ್ಕೆಜೋಳದ ಹಿಟ್ಟು ತಟ್ಟಿದರೆ ಬಿರಿಯುತ್ತಿತ್ತು. ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಸದ್ದಿಗೆ ಮಾಳಿಗೆಯ ಮೇಲಿನ ಗುಜರಾತಿ ಹೆಂಗಸು, ಏನಾದರೂ ಬಿತ್ತೇ ಎಂದು ಕೇಳಲು ಇಳಿದು ಬಂದಿದ್ದಳು. ಗೊಲ್ಲಾಳಮ್ಮ ಎರಡು ತಿಂಗಳು ಗೇಟು ದಾಟಲಿಲ್ಲ. ಆದರೆ ಗೇಟಿನಲ್ಲಿ ನಿಂತು ಕೇಳುತ್ತಿದ್ದಳು. ಕೇಳಿದರೆ ಆಶ್ಚರ್ಯ! ಇಲ್ಲಿಯ ಜನ ದವಾಕ್ಕೆ ದಾವಾ ಅನ್ನುತ್ತಾರೆ, ದುಕಾನಕ್ಕೆ ದೂಕಾ, ವಖತ್ತಿಗೆ ವಕಾತಿ, ಖಬರಿಗೆ ಹಬಾರಿ. ಚಹಾ ಚಾಯಿಯೇ. ದುನಿಯಾ ದುನಿಯಾವೇ. ನವಾಬರ ಕಾಲದಿಂದ ಯಾದಗಿರಿಯ ಸಂತೆಯಲ್ಲಿ ಓಡಾಡುತ್ತಿದ್ದ ಮಾತುಗಳು ತನಗಿಂತ ಮೊದಲೇ ಹಡಗು ಹತ್ತಿ ಇಲ್ಲಿಗೆ ಬಂದು, ಮನೆ ಮಾಡಿಕೊಂಡು ಕೂತಿದ್ದ ಹಾಗಿತ್ತು. ಆ ಮಾತುಗಳ ಕೈ ಹಿಡಿದೇ ಅವಳು ಗೇಟು ದಾಟಿದಳು.

ಬೀದಿಯ ತಿರುವಿನಲ್ಲಿ ಬೀ ಮಿಜಾ ಎಂಬ ವಯಸ್ಸಾದ ಹೆಂಗಸು ಕಪ್ಪು ಬಟ್ಟೆ ಹೊದ್ದು ಕೂತು, ಗುಳಿಗುಳಿಯ ಹಂಚಿನಲ್ಲಿ ಅಕ್ಕಿಹಿಟ್ಟು ಹೊಯ್ದು ದುಂಡನೆಯ ತಿನಿಸು ಬೇಯಿಸುತ್ತಿದ್ದಳು. ಗೊಲ್ಲಾಳಮ್ಮ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು "ಎವ್ವಾ, ಪಡ್ಡು!" ಅಂದಳು. ಬೀ ಮಿಜಾ ತಲೆ ಅಲ್ಲಾಡಿಸಿ ಆ ತಿನಿಸಿಗೆ ತಮ್ಮ ಕಡೆಯ ಹೆಸರು ಹೇಳಿದಳು, "ಕಿಟುಂಬುವಾ." ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿದರು. ಕಡೆಗೆ ಬೀ ಮಿಜಾ ಒಂದನ್ನು ಎಲೆಯಲ್ಲಿಟ್ಟು ಮರಿಯ ಕೈಗೆ ಕೊಟ್ಟಳು. ಅವತ್ತಿನಿಂದ ದಿನಾ ಬೆಳಿಗ್ಗೆ ಅಲ್ಲಿ ಒಂದು ಗಳಿಗೆ ಕೂಡುವುದು ರೂಢಿಯಾಯಿತು. ವರ್ಷಗಳು ಅಲ್ಲೇ ಕೂತಲ್ಲೇ ಕಳೆದಂತೆ ಕಳೆದವು.

ತಪ್ಪು ಆದದ್ದು ಎಲ್ಲಿ ಎಂದರೆ, ಆಟ ಗೊತ್ತಿದ್ದ ಓಣಿಯನ್ನು ಯಾದಗಿರಿಯಲ್ಲೇ ಬಿಟ್ಟು, ಆಟವನ್ನು ಮಾತ್ರ ಹಡಗು ಹತ್ತಿಸಿಕೊಂಡು ಬಂದಿದ್ದರು. ಇಲ್ಲಿ "ಯಾರ ಕೂಸವ್ವ ಅದು" ಎಂದು ಕೇಳಿ ನಗಲು ದಾವಲಬೀ ಇರಲಿಲ್ಲ. ಮರಿ ಗೊಲ್ಲಾಳಮ್ಮನನ್ನು ಅವ್ವ ಅಂದಳು. ಹಡೆದವಳನ್ನು, ಅಪ್ಪ ಕರೆಯುವುದನ್ನು ಕೇಳಿ, ರೇಣಮ್ಮ ಅಂದಳು. ರೇಣಮ್ಮನಿಗೆ ತಿದ್ದಲು ಭಯ, ತಿದ್ದಿದರೆ ಸಾವಿಗೆ ಗುರುತು ಸಿಕ್ಕೀತು. ಅವಳು ಗೊಲ್ಲಾಳಮ್ಮನನ್ನು ಕರೆಯುತ್ತಿದ್ದದ್ದೇ "ಕೂಸಿನವ್ವಾ" ಎಂದು. ಮಾಳಿಗೆಯ ಹೆಂಗಸು ಒಮ್ಮೆ ರೇಣಮ್ಮನ ಕೈ ಹಿಡಿದು, ಮಕ್ಕಳಾಗದಿದ್ದರೆ ಏನಂತೆ, ಕೆಲಸದವಳ ಮಗುವನ್ನೇ ನಿನ್ನದರಂತೆ ನೋಡಿಕೊಳ್ಳುತ್ತೀಯಲ್ಲ, ಪುಣ್ಯವಂತೆ ಅಂದಳಂತೆ. ರೇಣಮ್ಮ ಹೌದೆಂದು ತಲೆ ಅಲ್ಲಾಡಿಸಿ ಒಳಗೆ ಬಂದು, ಅವತ್ತೆಲ್ಲ ಬೇಳೆ ಆರಿಸಿದಳು. ಆರಿಸಿದ ಬೇಳೆಯನ್ನೇ ಮತ್ತೆ ಆರಿಸಿದಳು.

ಗೊಲ್ಲಾಳಮ್ಮ ಅದನ್ನು ನೋಡಿದಳು. ನೋಡಿಯೂ ನೋಡದವಳಂತೆ ಮರಿಗೆ ಜಡೆ ಹಾಕಿದಳು. ಅವ್ವ ಅನ್ನಿಸಿಕೊಳ್ಳುವುದು ಅವಳ ಮೈಗೆ ಹತ್ತಿಬಿಟ್ಟಿತ್ತು.

ಮರಿಗೆ ಆರು ನಡೆಯುವಾಗ, ಬರುವ ಜನವರಿಗೆ ಶಾಲೆಗೆ ಸೇರಿಸಬೇಕೆಂದು ಎಲ್ಲರೂ ಹೋದರು. ಶಾಲೆಯ ಮುಖ್ಯ ಶಿಕ್ಷಕಿ ಹಿರಿಯ ಬಾಯಿ ಕನ್ನಡಕದ ಮೇಲಿಂದ ನೋಡಿ ಹಿಂದುಸ್ತಾನಿಯಲ್ಲಿ ಕೇಳಿದರು, ತಾಯಿಯ ಹೆಸರೇನು ಮಗು?

"ಗೊಲ್ಲಾಳಮ್ಮ" ಅಂದಳು ಮರಿ.

"ಮತ್ತೆ ಇವರು ಯಾರು?"

"ರೇಣಮ್ಮ. ನಮ್ಮ ಮನ್ಯಾಗ ಇರ್ತಾಳ."

ಡಾಕ್ಟರು ಜೋರಾಗಿ ನಕ್ಕು ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ಹಿರಿಯ ಬಾಯಿಯೂ ನಕ್ಕರು. ರೇಣಮ್ಮ ಕುರ್ಚಿಯ ತುದಿಯಲ್ಲಿ ಕೂತು ಕೈಬಳೆ ತಿರುಗಿಸುತ್ತಿದ್ದಳು. ಮನೆಗೆ ಬಂದ ಮೇಲೆ ಚಪ್ಪಲಿ ಬಿಡುತ್ತ, ಯಾರಿಗೂ ಅಲ್ಲವೆಂಬಂತೆ, "ಹಲ್ಲು ಯಾವಾಗ ಬೀಳ್ತದೋ" ಅಂದಳು.

ಅದು ನವೆಂಬರು. ಊರಿನಿಂದ ಕಾಗದ ಬಂತು. ಯಾದಗಿರಿ, ಶಹಾಪುರ, ಸುರಪುರ ಎಲ್ಲ ಕನ್ನಡದವರ ಹೊಸ ರಾಜ್ಯಕ್ಕೆ ಸೇರಿದವೆಂದು ಡಾಕ್ಟರು ಖುಷಿಯಿಂದ ಓದಿ ಹೇಳಿ, ಎಲ್ಲರಿಗೂ ಪೇಢೆ ಹಂಚಿದರು.

"ಊರು ಎಲ್ಲಿಗಿ ಹೋತ್ರಿ ಸಾಹೇಬ್ರ?" ಗೊಲ್ಲಾಳಮ್ಮ ಕೇಳಿದಳು.

"ಎಲ್ಲೂ ಹೋಗಿಲ್ಲ, ಇದ್ದಲ್ಲೇ ಅದ. ತನ್ನವರ ಮನಿ ಸೇರ್ಯಾದ, ಅಷ್ಟೇ."

"ಇಷ್ಟು ದಿನ ಇಟಗೊಂಡವರಿಗಿ ತೌಡರ ಅಳದು ಕೊಟ್ಟಾರೇನು?"

ಡಾಕ್ಟರು ನಕ್ಕರು. ರೇಣಮ್ಮ ಪೇಢೆ ಹಿಡಿದ ಕೈ ಕೆಳಗಿಳಿಸಿ ಗೊಲ್ಲಾಳಮ್ಮನನ್ನೇ ನೋಡಿದಳು.

ಅದಾಗಿ ನಾಲ್ಕು ದಿನಕ್ಕೆ, ಊರು ಮಲಗಿದ್ದ ಹೊತ್ತಿನಲ್ಲಿ, ಮರಿ ಪೇರಲಕಾಯಿ ಕಚ್ಚಿ "ಅವ್ವಾ" ಎಂದು ಅಂಗೈ ಚಾಚಿದಳು. ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಹಲ್ಲು. ಗೊಲ್ಲಾಳಮ್ಮ ಒಳಗಿನ ಬಾಗಿಲ ಕಡೆ ನೋಡಿದಳು. ಯಾರೂ ಎದ್ದಿರಲಿಲ್ಲ. ಕೈ ತಾನಾಗಿ ಹಲ್ಲನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿತು.

"ಯಾರಿಗೂ ಹೇಳಬ್ಯಾಡ ಮರೀ. ಬಾಯಿ ಮುಚ್ಚಿ ನಗು. ಹಿಂಗ." ತುಟಿ ಬಿಗಿದು ತೋರಿಸಿದಳು.

ಮರಿಗೆ ಅದೊಂದು ಹೊಸ ಆಟವಾಯಿತು. ತುಟಿ ಬಿಗಿದೇ ಉಂಡಳು, ತುಟಿ ಬಿಗಿದೇ ಓಡಾಡಿದಳು, ಹೂಂ ಹೂಂ ಎಂದಷ್ಟೇ ಮಾತಾಡಿದಳು. ಗಂಟಲು ಕೆಟ್ಟಿತೇ ಎಂದು ಡಾಕ್ಟರು ದೀಪ ಹಿಡಿದು ಬಾಯಿ ತೆರೆ ಅಂದರೆ ಓಡಿಹೋದಳು. ಗೊಲ್ಲಾಳಮ್ಮನ ಸೆರಗಿನ ಗಂಟು ಹೋದಲ್ಲಿ ಬಂದಲ್ಲಿ ಮಂಡಿಗೆ ತಾಗುತ್ತಿತ್ತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಹರಿಗೋಲಿನ ತಳ ಕಾಣುತ್ತಿತ್ತು. ಅಲ್ಲಿ ಚರ್ಮ ಸಣ್ಣಗೆ ತೂತಾಗಿ, ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು.

ಐದನೆಯ ಬೆಳಿಗ್ಗೆ ರೇಣಮ್ಮನೂ ಜೊತೆಗೆ ಬೀದಿಯ ತಿರುವಿನ ತನಕ ಬಂದಿದ್ದಳು. ಬೀ ಮಿಜಾಳ ಹಂಚಿಗೆ ಒಂದು ಕಾಗೆ ಹಾರಿ ಬಂದು, ಬಿಸಿ ತಿನಿಸು ಕಚ್ಚಿ, ಕೊಕ್ಕು ಸುಟ್ಟುಕೊಂಡು ಕಿರುಚಿ ಅದನ್ನು ಬೀ ಮಿಜಾಳ ತಲೆಯ ಮೇಲೇ ಬೀಳಿಸಿತು. ಮರಿ ಬಾಯಿ ತೆರೆದು ನಕ್ಕಳು. ಮುಂದಿನ ಸಾಲಿನಲ್ಲಿ ಕಪ್ಪು ಸಂದು.

ರೇಣಮ್ಮ ನೋಡಿದಳು. ಗೊಲ್ಲಾಳಮ್ಮ ತಲೆ ತಗ್ಗಿಸಿದಳು. ಬೈದಿದ್ದರೆ ಹಗುರಾಗುತ್ತಿತ್ತು. ರೇಣಮ್ಮ ತಿರುಗಿ ಮನೆಗೆ ಹೋದಳು.

ಮರುದಿನ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಮೊರ ಹಿಡಿದು ಪಡಸಾಲೆಗೆ ಬಂದಳು. "ಕೂಸಿನವ್ವಾ, ನನ್ನ ಕೂಸು ಕೊಡ್ತೀಯಾ?"

"ಒಲ್ಲೆ." ಅದು ಆಡಲೇಬೇಕಾದ ಮಾತು. ಆದರೂ ಎಷ್ಟು ಲಗೂನೆ ಬಾಯಿಂದ ಹೊರಬಿತ್ತೆಂದರೆ ಇಬ್ಬರೂ ಬೆಚ್ಚಿದರು.

ಎರಡು ದಿನ ಬಿಟ್ಟು ಮತ್ತೆ ಬಂದಳು. "ಕೂಸಿನವ್ವಾ, ನನ್ನ ಕೂಸು ಕೊಡ್ತೀಯಾ?"

"ಒಲ್ಲೆ ಅಂದ್ರ ಒಲ್ಲೆ."

ರೇಣಮ್ಮ ಮೊರವನ್ನು ಎದೆಗೆ ಒತ್ತಿಕೊಂಡಳು. "ಇದು ಆಟದ್ದೋ, ಖರೇನೋ?"

ಗೊಲ್ಲಾಳಮ್ಮನಿಗೇ ಗೊತ್ತಿರಲಿಲ್ಲ. ಅವತ್ತು ಸಂಜೆ ಡಾಕ್ಟರು ಮೆಲ್ಲಗೆ, ಬರುವ ತಿಂಗಳು ಹಡಗು ಇದೆ, ಊರಿಗೆ ಹೋಗುವ ಮನಸ್ಸಿದ್ದರೆ ಹೇಳು, ಬಲವಂತ ಏನೂ ಇಲ್ಲ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೂ ಅವಳಿಗೆ ಯಾರೋ ಚಾಪೆ ಸುತ್ತಿದ ಹಾಗಾಯಿತು. ಮರಿಯನ್ನು ಕೊಟ್ಟುಬಿಟ್ಟರೆ ಈ ಊರಿನಲ್ಲಿ ತಾನು ಯಾರು? ಕೊಡದಿದ್ದರೆ, ಆ ಹೆಂಗಸಿನ ಮುಖವನ್ನು ದಿನಾ ನೋಡಿಕೊಂಡು ಹೇಗೆ ಇರುವುದು?

ಬೆಳಿಗ್ಗೆ ಬೀ ಮಿಜಾಳ ಮುಂದೆ ಕೂತು, ಬಂದಷ್ಟು ಅಲ್ಲಿಯ ಮಾತಿನಲ್ಲಿ, ಬಾರದ ಕಡೆ ಕೈಯಿಂದ, ಎಲ್ಲವನ್ನೂ ಹೇಳಿದಳು. ತವುಡು, ಮೊರ, ಹಲ್ಲು. ಬೀ ಮಿಜಾ ಹಂಚಿಗೆ ಎಣ್ಣೆ ಬಿಡುತ್ತ ಕೇಳಿದಳು.

"ಯಾರ ಹೊಟ್ಟೆ?"

"ಅವರದು."

"ಯಾರ ಹಾಲು?"

"ಅದೂ ಅವರದೇ."

"ಹಾಗಾದರೆ ನಿನ್ನದೇನಿದೆ ಅದರಲ್ಲಿ?"

ಗೊಲ್ಲಾಳಮ್ಮ ಮಾತಿಗೆ ಹುಡುಕಾಡಿದಳು. ಅಲ್ಲಿಯ ಮಾತಿನಲ್ಲಿ ದಿನಕ್ಕೆ ಸಿಕು ಅನ್ನುತ್ತಾರೆ. "ಸಿಕು" ಅಂದಳು. ದಿನಗಳು.

ಬೀ ಮಿಜಾ ಒಂದು ತಿನಿಸನ್ನು ಕಡ್ಡಿಯಿಂದ ತಿರುವಿ ಹಾಕಿದಳು. "ಅವನ್ನೇನೂ ಅವರು ಕೇಳುತ್ತಿಲ್ಲವಲ್ಲ." ಆಮೇಲೆ, ಕಡ್ಡಿಯಿಂದಲೇ ಸಮುದ್ರದ ಕಡೆ ತೋರಿಸಿ, "ನೀರು ದಾಟಬೇಕಾದರೆ ನನ್ನ ಮನೆ ಆಚೆ ದಂಡೆಯಲ್ಲೇ ಇದೆ" ಅಂದಳು.

ಮತ್ತೆ ಎರಡು ದಿನ ಬಿಟ್ಟು, ಮೂರನೆಯ ಸಲ ರೇಣಮ್ಮ ಬಂದಳು. ಮೊರದ ತುಂಬ ಮೆಕ್ಕೆಜೋಳದ ತವುಡು. ತಾನೇ ಬೀಸಿ, ತಾನೇ ಜರಡಿ ಹಿಡಿದಿದ್ದಳು. ರೆಪ್ಪೆಗೂ ಹಿಟ್ಟು ಹತ್ತಿತ್ತು.

"ಕೂಸಿನವ್ವಾ, ನಾಕನೇ ಸರ್ತಿ ನಾ ಕೇಳಾಂಗಿಲ್ಲ. ನೀ ಒಲ್ಲೆ ಅಂದ್ರ ಕೂಸು ನಿಂದು. ಸಾಹೇಬ್ರು ಏನರ ಅನ್ಲಿ, ಸಾಲಿ ಬಾಯಿ ಏನರ ಬರಕೊಳ್ಳಿ. ಸಾವಿನ ಮುಂದ ಕೊಟ್ಟ ಮಾತು, ನಾ ಸುಳ್ಳಾಡಾಂಗಿಲ್ಲ." ಉಸಿರು ಎಳೆದುಕೊಂಡಳು. "ನನ್ನ ಕೂಸು ಕೊಡ್ತೀಯಾ?"

ಹೊರಗೆ ಮರಿ ಮಾವಿನ ಮರದ ಬುಡದಲ್ಲಿ ಗುಣಿ ತೋಡುತ್ತ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿದ್ದಳು. ಅರ್ಧ ಕನ್ನಡ, ಅರ್ಧ ಬೀ ಮಿಜಾಳ ಮಾತು. ಗೊಲ್ಲಾಳಮ್ಮ ರೇಣಮ್ಮನ ಹಿಟ್ಟು ಹತ್ತಿದ ಕಣ್ಣುಗಳನ್ನು ನೋಡಿದಳು. ಆರು ವರ್ಷ ಈ ಹೆಂಗಸು ತನ್ನ ಮಗುವಿನ ಬಾಯಲ್ಲಿ ಬರೀ ಹೆಸರಾಗಿ ಬದುಕಿದ್ದಳು. ಒಂದು ದಿನವೂ ಆಟ ಮುರಿದಿರಲಿಲ್ಲ. ಮುರಿದದ್ದು ತಾನು.

ಸೆರಗಿನ ಗಂಟು ಬಿಚ್ಚಿ, ಹಲ್ಲನ್ನು ಮೊರದ ಅಂಚಿಗೆ ಇಟ್ಟಳು. ಆಮೇಲೆ ಉಡಿ ಒಡ್ಡಿದಳು.

"ಹಾಕ್ರಿ ಅಮ್ಮಾರ. ನಿಮ್ಮ ಕೂಸು ನಿಮಗ."

ತವುಡು ಸದ್ದಿಲ್ಲದೆ ಉಡಿಗೆ ಬಿತ್ತು. ಎಷ್ಟು ಹಗುರ! ಗೊಲ್ಲಾಳಮ್ಮ ಉಡಿ ಕಟ್ಟಿಕೊಂಡು, ಪಡಸಾಲೆ ಇಳಿದು, ಮಾವಿನ ಮರದ ಪಕ್ಕದಿಂದ ಹಾದು, ಗೇಟು ದಾಟಿದಳು. ಹಿಂದಿನಿಂದ ಮರಿ ಕೂಗಿದಳು. "ಅವ್ವಾ! ಎಲ್ಲಿಗಿ ಹೊಂಟಿ? ಅವ್ವಾ!"

ಹೊಳ್ಳಿ ನೋಡುವಂತಿರಲಿಲ್ಲ. ಕಾಲು ಮಾತ್ರ ನಿಂತುಬಿಟ್ಟವು.

"ಓ" ಎಂದು ಪಡಸಾಲೆಯಿಂದ ರೇಣಮ್ಮನ ದನಿ ಬಂತು. "ಓ, ಮಗಳ. ಇಲ್ಲೇ ಅದೀನಿ."

ಗೊಲ್ಲಾಳಮ್ಮನ ಕಾಲು ಮತ್ತೆ ನಡೆದವು.

ಬಂದರಿನಲ್ಲಿ ಜನರನ್ನೂ ಸೈಕಲ್ಲುಗಳನ್ನೂ ಒಂದು ಮೋಟಾರನ್ನೂ ಹೊತ್ತು ಫೆರಿ ನಿಧಾನವಾಗಿ ಹೊರಟಿತು. ಬಿಸಿಲು ನೀರಿನ ಮೇಲೆ ಬಿದ್ದು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದ ಹಾಗೆ ಬೆಳಕೋ ಬೆಳಕು. ಜನರ ಮಾತು ದೂರದಿಂದ, ಬೇರೆ ಯಾರದೋ ನಿದ್ದೆಯಿಂದ ಬಂದಂತಿತ್ತು. ಮಗ್ಗುಲಲ್ಲಿ ನಿಂತಿದ್ದ, ಬುಟ್ಟಿಯಲ್ಲಿ ಕೋಳಿ ಹಿಡಿದ ಹೆಂಗಸು ಇವಳ ತುಂಬಿದ ಉಡಿ ನೋಡಿ ನಕ್ಕು ಕೇಳಿದಳು, ಮಕ್ಕಳೆಷ್ಟು?

ಗೊಲ್ಲಾಳಮ್ಮ ಅವಳ ಮುಖವನ್ನೇ ನೋಡಿದಳು. ಸಾದಾ ಮುಖ, ಮೂಗಿನ ಮೇಲೆ ಬೆವರು. "ಸೀನಾ" ಅಂದಳು. ನನಗಿಲ್ಲ ಎಂದು. ಆಮೇಲೆ ಅನುಮಾನ ಬಂತು. ಯಾದಗಿರಿಯಿಂದ ಬೆನ್ನು ಹತ್ತಿ ಬಂದ ಸಾವಿಗೆ ಈ ಊರಿನ ಮಾತು ತಿಳಿಯುತ್ತದೋ ಇಲ್ಲವೋ? ಯಾವುದಕ್ಕೂ ಇರಲಿ ಎಂದು ನೀರಿನ ಕಡೆ ತಿರುಗಿ ಸ್ಪಷ್ಟವಾಗಿ ಇನ್ನೊಮ್ಮೆ ಅಂದಳು, "ಇಲ್ಲ. ನನಗ ಮಕ್ಕಳಿಲ್ಲ."

ಕೋಳಿಯ ಹೆಂಗಸು ಪಾಪ ಎಂದು ತೋಳು ಸವರಿದಳು. ಆಗ ಅಳು ಬಂತು. ದಂಡೆ ಮುಟ್ಟುವವರೆಗೂ ಅಳುತ್ತಲೇ ಇದ್ದಳು. ಯಾರೂ ಯಾಕೆಂದು ಕೇಳಲಿಲ್ಲ.

ಬೀ ಮಿಜಾ ದಿನ ಎಣಿಸಿಕೊಂಡು, ಅವತ್ತು ಹಂಚು ಹಚ್ಚದೆ ದಂಡೆಯಲ್ಲೇ ಕಾದು ನಿಂತಿದ್ದಳು. ತೆಂಗಿನ ಗರಿಯ ಮಾಡಿನ ಅವಳ ಮನೆ, ಮುಂದೆ ಗುಡಿಸಿದ ಬಿಳಿ ಮರಳು, ಚಾಪೆ ಹೆಣೆಯುವ ಮೂರು ನಾಲ್ಕು ಹೆಂಗಸರು. ಉಡಿಯ ತವುಡನ್ನು ಏನು ಮಾಡಬೇಕೆಂದು ಮಲ್ಲಿಕಮ್ಮ ಹೇಳಿರಲಿಲ್ಲ. ಗೊಲ್ಲಾಳಮ್ಮ ಅದನ್ನು ಹಿಡಿದುಕೊಂಡೇ ಕೂತಳು. ಬೀ ಮಿಜಾಳ ಕೋಳಿಗಳು ಒಂದೊಂದಾಗಿ ಬಂದು, ಕತ್ತು ಓರೆ ಮಾಡಿ, ಉಡಿಯ ಸಂದಿಯಿಂದ ಉದುರಿದ್ದನ್ನು ಕುಕ್ಕತೊಡಗಿದವು. ಒಂದು ಹುಂಜ ಧೈರ್ಯ ಮಾಡಿ ಮಡಿಲಿಗೇ ಹಾರಿತು. ಅವಳು ಬೆಚ್ಚಿ ಕೈ ಬಿಟ್ಟಳು, ತವುಡು ಮರಳಿಗೆ ಚೆಲ್ಲಿತು. ತನ್ನ ಮರಿಯ ಬೆಲೆಯನ್ನು ಕೋಳಿಗಳು ತಿನ್ನುವುದನ್ನು ನೋಡುತ್ತ ಅವಳಿಗೆ ಎಲ್ಲಿಂದಲೋ ನಗು ಬಂತು. ಅತ್ತ ಕಣ್ಣಲ್ಲೇ ನಕ್ಕಳು. ಚಾಪೆಯ ಹೆಂಗಸರೂ ನಕ್ಕರು, ಏನೂ ತಿಳಿಯದೆ.

ಊಟಕ್ಕೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು. ಡಾಕ್ಟರದು ಲಿಂಗವಂತರ ಮನೆ, ಆರು ವರ್ಷ ಅವಳ ನಾಲಿಗೆ ಮೀನು ಕಂಡಿರಲಿಲ್ಲ. ಮೊದಲ ತುತ್ತಿಗೆ ಕೃಷ್ಣೆಯ ದಂಡೆ, ಹೊಗೆಯಾಡುವ ಒಲೆ, ಬಲೆ ಒದರುವ ಅಮರಪ್ಪನ ಒದ್ದೆ ಬೆನ್ನು ಎಲ್ಲ ಬಂದು ಎದುರಿಗೆ ಕೂತವು. ಅವಳು ಮುಳ್ಳು ಬಿಡಿಸಿದ ಚುರುಕು ನೋಡಿ ಹೆಂಗಸರು "ಇವಳು ನಮ್ಮವಳೇ" ಅಂದರು. ಬಲೆ ಹಾಕುವುದು ಹೇಗೆ, ನಿಮ್ಮ ಹೊಳೆಯ ಮೀನಿನ ಹೆಸರೇನು ಎಂದು ಕೇಳಿದರು. ಹರಿಗೋಲನ್ನು ಮರಳಿನಲ್ಲಿ ಬರೆದು ತೋರಿಸಿದಾಗ, ತಟ್ಟೆಯ ಮೇಲೆ ಕೂತು ನೀರು ದಾಟುತ್ತೀರಾ ಎಂದು ಒಬ್ಬಳು ಹೊಟ್ಟೆ ಹಿಡಿದುಕೊಂಡಳು. ನಿನ್ನ ಹೆಸರೇನು ಎಂದು ಕೇಳಿದಾಗ ಹೆಸರು ಹೇಳಿದಳು. ಅದನ್ನು ಸರಿಯಾಗಿ ಅನ್ನಲು ಅವರು ಪಟ್ಟ ಪಾಡಿಗೆ ಮತ್ತೊಂದು ಸುತ್ತು ನಗೆ. ತುತ್ತು, ಮಾತು, ನಗೆ. ತಟ್ಟೆ ಬರಿದಾದ ಮೇಲೆ ಗಮನಕ್ಕೆ ಬಂತು, ಇಷ್ಟು ಹೊತ್ತು ಮರಿಯ ನೆನಪೇ ಆಗಿರಲಿಲ್ಲ. ಎದೆ ಧಸಕ್ಕೆಂದಿತು. ಆಮೇಲೆ ನಿಧಾನವಾಗಿ ಸಮ ಆಯಿತು.

"ನಿನ್ನ ಮನೆ ಎಲ್ಲಿ?" ಚಾಪೆಯವಳೊಬ್ಬಳು ಕೇಳಿದಳು. ಗೊಲ್ಲಾಳಮ್ಮ ಎಂಜಲು ಕೈಯಿಂದಲೇ ನೀರಿನ ಆಚೆಗೆ ತೋರಿಸಿದಳು, ಮಾವಿನ ಮರಗಳ ಕಡೆಗೆ. ತೋರಿಸಿದ ಮೇಲೆ ತನ್ನ ಕೈಯನ್ನೇ ನೋಡಿಕೊಂಡಳು.

ಹೊತ್ತು ಮುಳುಗಿದ ಮೇಲೆ ಫೆರಿ ಹತ್ತಿದಳು. ಆಚೆಯ ದಂಡೆಯ ಕಂಬದ ದೀಪದ ಕೆಳಗೆ ರೇಣಮ್ಮ ನಿಂತಿದ್ದಳು, ಅವಳ ಸೆರಗು ಹಿಡಿದು ಮರಿ. ಇವಳನ್ನು ಕಂಡದ್ದೇ ಮರಿ ಓಡಿ ಬಂದಳು, ನಡುವೆಯೇ ನಿಂತಳು, ಹಿಂದೆ ಓಡಿ ರೇಣಮ್ಮನ ಹಿಂದೆ ಅಡಗಿದಳು. ಗೊಲ್ಲಾಳಮ್ಮ ಚಾಚಿದ ಕೈಯನ್ನು ಎಳೆದುಕೊಂಡು ಸೆರಗು ಸರಿಮಾಡಿದಳು.

"ಬರ್ತೀಯೋ ಇಲ್ಲೋ ಅಂತ ಜೀವ ಕೈಯಾಗ ಹಿಡದು ನಿಂತೀನಿ, ಗೊಲ್ಲಾಳಮ್ಮ" ಅಂದಳು ರೇಣಮ್ಮ. ಅವಳ ಬಾಯಲ್ಲಿ ಆ ಹೆಸರು ಹೊಸ ಬಟ್ಟೆಯ ಹಾಗೆ ಬಿರುಸಾಗಿತ್ತು.

"ಹೊತ್ತು ಮುಣುಗ್ತಲ್ರಿ. ಬರೂದೇ."

ಮರಿ ಸೆರಗಿನ ಹಿಂದಿನಿಂದ ತಲೆ ಹೊರಗೆ ಹಾಕಿದಳು. "ನೀ ನನಗ ಹೇಳ್ದೇ ಹೋದಿ."

"ಹೌದು. ತಪ್ಪಾತು."

"ಇಕೀಗಿ ಅವ್ವ ಅನಬೇಕಂತ. ಹಂಗಾರ ನಿನಗ ಏನನ್ಲಿ?"

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲ್ಲಿಕಮ್ಮ ಇದನ್ನು ಹೇಳಿಕೊಟ್ಟಿರಲಿಲ್ಲ.

"ನನ್ನ ಹೆಸರು ಗೊತ್ತದಲ್ಲ ನಿನಗ."

"ಅದು ಭಾಳ ಉದ್ದ ಅದ."

"ಹಂಗಾರ ವಿಚಾರ ಮಾಡು. ಅವಸರ ಏನಿಲ್ಲ."

ಮರಿ ವಿಚಾರ ಮಾಡುವವಳ ಹಾಗೆ ಹುಬ್ಬು ಗಂಟಿಕ್ಕಿ, ಇಬ್ಬರ ಕೈಯನ್ನೂ ಹಿಡಿಯದೆ, ಮುಂದೆ ಮುಂದೆ ಒಬ್ಬಳೇ ನಡೆದಳು. ಹಿಂದೆ ಇವರಿಬ್ಬರು, ಮಗುವಿನ ಹೆಜ್ಜೆಗೆ ತಮ್ಮ ಹೆಜ್ಜೆ ಸಣ್ಣದು ಮಾಡಿಕೊಂಡು.

"ಅಲ್ಲಿ ಏನರ ಉಂಡೇನು?" ರೇಣಮ್ಮ ಕೇಳಿದಳು.

"ಉಂಡೀನ್ರಿ. ಮೀನ."

"ಶಿವ ಶಿವಾ!" ರೇಣಮ್ಮ ಮೂಗಿಗೆ ಸೆರಗು ಹಿಡಿದಳು. ನಾಲ್ಕು ಹೆಜ್ಜೆ ನಡೆದ ಮೇಲೆ ದನಿ ತಗ್ಗಿಸಿ ಕೇಳಿದಳು, "ಛಲೋ ಇತ್ತೇನು?"

"ಭಾಳ ಛಲೋ ಇತ್ರಿ" ಅಂದಳು ಗೊಲ್ಲಾಳಮ್ಮ. "ಬರೂ ವಾರನೂ ಹೋಗಾಕಿ ನಾ."